ಗುಂಡೆರೆಯುವ ಅಚ್ಚುಗಳೂ ಅವುಗಳ ತುಕ್ಕೂ

1776ನೆಯ ಇಸವಿ ಜುಲೈ 9ರಂದು ನ್ಯೂಯಾರ್ಕ್ ನಗರದಲ್ಲಿ ಜನರಲ್ ವಾಷಿಂಗ್ಟನ್ನರ ಸೈನಿಕರ ಮುಂದೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಓದಲಾಯಿತು. ಕೇಳಿ ಮುಗಿಸಿದ ಗುಂಪು ನೆಟ್ಟಗೆ ಬೌಲಿಂಗ್ ಗ್ರೀನ್ ಎಂಬ ಉದ್ಯಾನಕ್ಕೆ ನಡೆಯಿತು. ಅಲ್ಲಿ ಕುದುರೆಯೇರಿ ಕುಳಿತಿದ್ದ ದೊರೆ ಮೂರನೆಯ ಜಾರ್ಜನ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿಹಾಕಿತು. ಪ್ರತಿಮೆಯನ್ನು ಮಾಡಿದವನು ಲಂಡನ್ನಿನ ಶಿಲ್ಪಿ ಜೋಸೆಫ್ ವಿಲ್ಟನ್. ಅದನ್ನು ನಿಲ್ಲಿಸಿ ಆರು ವರ್ಷವೂ ತುಂಬಿರಲಿಲ್ಲ. ಮೇಲೆ ಚಿನ್ನದ ಲೇಪ, ಒಳಗೆಲ್ಲ ಸೀಸ. ತೂಕ ಸುಮಾರು 4000 ಪೌಂಡು. ಈ ಗಲಭೆ ಶಿಸ್ತಿಗೆ ತಕ್ಕದ್ದಲ್ಲವೆಂದು ವಾಷಿಂಗ್ಟನ್ನರು ಮರುದಿನ ಆಕ್ಷೇಪಿಸಿದರು. ಆದರೆ ಸೀಸವನ್ನು ಮಾತ್ರ ಯಾರೂ ಹಿಂದಕ್ಕೆ ಕೊಡಲಿಲ್ಲ. ಯುದ್ಧ ಹೂಡಿದ ವಸಾಹತುಗಳಲ್ಲಿ ಸೀಸಕ್ಕೆ ಅಷ್ಟು ಬರವಿತ್ತು.

ತುಂಡು ತುಂಡಾದ ದೊರೆಯ ಹೆಚ್ಚಿನ ಭಾಗ ಕನೆಕ್ಟಿಕಟ್ ಪ್ರಾಂತ್ಯದ ಲಿಚ್‌ಫೀಲ್ಡ್ ಎಂಬ ಊರಿಗೆ ಹೋಯಿತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರಾದ ಆಲಿವರ್ ವೋಲ್ಕಾಟರ ಮನೆ ಇದ್ದದ್ದು ಅಲ್ಲಿ. ಆ ಮನೆಯಲ್ಲಿ ಸೀಸ ಕರಗಿಸಿ ಗುಂಡು ಎರೆದವರು ಸಿಪಾಯಿಗಳಲ್ಲ. ಹೆಂಗಸರು ಮತ್ತು ಮಕ್ಕಳು. ವೋಲ್ಕಾಟರು ಇಟ್ಟ ಲೆಕ್ಕದ ಚೀಟಿ ಇಂದಿಗೂ ಉಳಿದಿದೆ. ರೂತ್ ಮಾರ್ವಿನ್ 11,592. ಮನೆಯ ಮಗಳು ಮೇರಿ ಆನ್ 10,790. ಇನ್ನೊಬ್ಬ ಮಗಳು ಲಾರಾ 8,378. ಒಂಬತ್ತು ವರ್ಷದ ಮಗ ಫ್ರೆಡರಿಕ್ 936. ಹೀಗೆ ಸಾಗಿ ಒಟ್ಟು ಮೊತ್ತ 42,088. ಕಚೇರಿಯಲ್ಲಿ ಅಂಕಿಗಳ ನಡುವೆಯೇ ಆಯುಷ್ಯ ಕಳೆಯುವ ನಮ್ಮಂಥವರಿಗೆ ಇಂಥ ಚೀಟಿ ಕಂಡರೆ ತಾಳೆ ನೋಡದೆ ಸಮಾಧಾನವಿಲ್ಲ. ಅಂದಿನ ಬ್ರಿಟಿಷ್ ಬಂದೂಕಿನ ಅಳತೆಯಲ್ಲಿ ಒಂದು ಪೌಂಡಿಗೆ ಸುಮಾರು 14 ಗುಂಡುಗಳಾಗುತ್ತವೆ. ಆ ಪ್ರಕಾರ 42,088 ಗುಂಡಿಗೆ ಬೇಕಾಗುವ ಸೀಸ 3000 ಪೌಂಡಿನಷ್ಟು. ಪ್ರತಿಮೆಯ ತೂಕದೊಳಗೆ ಲೆಕ್ಕ ಸರಿಯಾಗಿ ಕೂಡುತ್ತದೆ. ಎಲ್ಲ ಸೀಸವೂ ಲಿಚ್‌ಫೀಲ್ಡ್ ಮುಟ್ಟಲಿಲ್ಲವೆಂಬುದಕ್ಕೂ ಸಾಕ್ಷ್ಯವಿದೆ: 1871ರಲ್ಲಿ ಕುದುರೆಯ ಬಾಲ ಸಿಕ್ಕಿತು. ಸಿಕ್ಕಿದ ಊರಿನ ಹೆಸರು, ಕಾಕತಾಳೀಯವೆಂಬಂತೆ, ಶಿಲ್ಪಿಯ ಹೆಸರೇ: ವಿಲ್ಟನ್!

ಈ ಕಥೆಯನ್ನು ಹೇಳುವವರೆಲ್ಲ ದೊರೆಯ ಮಾತಾಡುತ್ತಾರೆ, ಗುಂಡಿನ ಮಾತಾಡುತ್ತಾರೆ. ಇವೆರಡರ ನಡುವೆ ಇದ್ದ ವಸ್ತುವಿನ ಮಾತು ಬರುವುದಿಲ್ಲ. ಕರಗಿದ ಸೀಸ ತಾನಾಗಿ ಗುಂಡಾಗುವುದಿಲ್ಲ. ಅದಕ್ಕೊಂದು ಅಚ್ಚು ಬೇಕು.

ಮನೆಬಳಕೆಯ ಗುಂಡಿನ ಅಚ್ಚು ನೋಡುವುದಕ್ಕೆ ನಮ್ಮ ಅಡಕೊತ್ತಿನ ದಾಯಾದಿ. ಎರಡು ಹಿಡಿ, ನಡುವೆ ಒಂದು ಕೀಲು, ತುದಿಯಲ್ಲಿ ಎರಡು ಗಟ್ಟಿ ತಲೆಗಳು. ಒಂದೊಂದು ತಲೆಯ ಒಳಮೈಯಲ್ಲಿ ಅರ್ಧ ಗೋಳದ ಗುಳಿ. ಮುಚ್ಚಿದರೆ ಎರಡು ಅರ್ಧ ಸೇರಿ ಒಂದು ಪೂರ್ಣ ಗೋಳ. ಮೇಲೊಂದು ಸಣ್ಣ ಬಾಯಿ. ಸೀಸ 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಆದ್ದರಿಂದ ಅಡಿಗೆಮನೆಯ ಒಲೆ, ಒಂದು ಕಬ್ಬಿಣದ ಸೌಟು, ಈ ಅಚ್ಚು ಇಷ್ಟಿದ್ದರೆ ಗುಂಡಿನ ಕಾರ್ಖಾನೆ ಸಿದ್ಧವಾಗುತ್ತಿತ್ತು. ಬಾಯಿಯಲ್ಲಿ ಉಳಿದ ಸೀಸದ ಮೊಳಕೆಯನ್ನು ಕತ್ತರಿಸಲು ಹಲವು ಅಚ್ಚುಗಳ ಹಿಡಿಯಲ್ಲೇ ಒಂದು ಕತ್ತರಿಯ ಬಾಯಿ ಇರುತ್ತಿತ್ತು. ಅಡಕೊತ್ತಿನ ಹೋಲಿಕೆ ಅಲ್ಲಿಗೆ ಪೂರ್ತಿಯಾಗುತ್ತದೆ. ಹಿಡಿಗಳಿಗೆ ಮರದ ಹೊದಿಕೆ ಇಲ್ಲದಿದ್ದರೆ ಹತ್ತಾರು ಗುಂಡು ಎರೆಯುವಷ್ಟರಲ್ಲಿ ಕೈ ಸುಡುತ್ತಿತ್ತು. ಫ್ರೆಡರಿಕನ 936ನ್ನು ಓದುವಾಗ ಇದನ್ನೂ ನೆನೆಯಬೇಕು.

ಸೈನ್ಯಗಳಲ್ಲಿ ಒಮ್ಮೆಗೆ ಹಲವು ಗುಂಡು ಎರೆಯುವ ಉದ್ದನೆಯ ಹಿತ್ತಾಳೆಯ ಅಚ್ಚುಗಳಿದ್ದವು. ಬಳಪದ ಕಲ್ಲಿನಲ್ಲಿ ಕೊರೆದವೂ ಉಂಟು. ಆದರೆ ಅಮೆರಿಕದ ಒಳನಾಡಿನ ಬೇಟೆಗಾರನ ಬಳಿ ಇದ್ದದ್ದು ಹೆಚ್ಚಾಗಿ ಕಬ್ಬಿಣದ ಒಂಟಿ ಅಚ್ಚು. ಇದರ ಗುಳಿಯನ್ನು ಕೊರೆಯುವ ಸಾಧನಕ್ಕೆ ಇಂಗ್ಲಿಷಿನಲ್ಲಿ ಚೆರ್ರಿ ಹಣ್ಣಿನ ಹೆಸರು. ಉಕ್ಕಿನ ಸಣ್ಣ ಗೋಳದ ಮೈತುಂಬ ಹಲ್ಲು ಕೊರೆದು ಅದಕ್ಕೊಂದು ಕಾಂಡ ಕೂಡಿಸಿದರೆ ಚೆರ್ರಿ. ಅಚ್ಚಿನ ಎರಡು ತಲೆಗಳ ನಡುವೆ ಅದನ್ನಿಟ್ಟು, ಹಿಡಿಗಳನ್ನು ಒತ್ತುತ್ತಾ ತಿರುಗಿಸಿದರೆ ಎರಡೂ ಕಡೆ ಸಮನಾಗಿ ಗುಳಿ ಬೀಳುತ್ತದೆ. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕಡೆಯ ಜರ್ಮನ್ ಮೂಲದ ಕೋವಿ ಕಮ್ಮಾರರು ಉದ್ದ ನಳಿಗೆಯ ರೈಫಲುಗಳನ್ನು ಒಂದೊಂದಾಗಿ ಕೈಯಲ್ಲೇ ಮಾಡುತ್ತಿದ್ದರು. ಒಂದರ ನಳಿಗೆಯ ಒಳ ಅಳತೆ ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಆದಕಾರಣ ಕೋವಿಯ ಜತೆಯಲ್ಲೇ ಅದಕ್ಕೆ ಹೊಂದುವ ಅಚ್ಚನ್ನೂ ಮಾಡಿ ಕೊಡುವುದು ವಾಡಿಕೆ. ಅಚ್ಚು ಕಳೆದುಹೋದರೆ ಕೋವಿ ಇದ್ದೂ ಇಲ್ಲದಂತೆ. ಕೋವಿ ಮುರಿದು ಮಣ್ಣುಪಾಲಾದ ಮೇಲೂ ಅದರ ನಳಿಗೆ ಎಷ್ಟಿತ್ತೆಂದು ಹೇಳಬಲ್ಲದ್ದು ಆ ಅಚ್ಚಿನ ಗುಳಿ ಒಂದೇ. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು. ತುಕ್ಕಿನ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

1803ರಲ್ಲಿ ಮೆರಿವೆದರ್ ಲೂಯಿಸರು ಪೆಸಿಫಿಕ್ ಸಾಗರದವರೆಗಿನ ತಮ್ಮ ಪರ್ಯಟನೆಗೆ ಸಿದ್ಧತೆ ನಡೆಸಿದಾಗ ಮಾಡಿದ ಜಾಣತನವೊಂದು ಇಲ್ಲಿ ಹೇಳಲೇಬೇಕಾದದ್ದು. ಮದ್ದಿನ ಪುಡಿಯನ್ನು ಮರದ ಪೀಪಾಯಿಯಲ್ಲಿ ಒಯ್ದರೆ ನದಿಯಲ್ಲಿ ನೆನೆಯುತ್ತದೆ. ಅವರು ಸೀಸದ 52 ಡಬ್ಬಿಗಳನ್ನು ಮಾಡಿಸಿ ಮದ್ದು ತುಂಬಿ ಭದ್ರವಾಗಿ ಮುಚ್ಚಿಸಿದರು. ಡಬ್ಬಿಯೊಳಗಿನ ಮದ್ದಿಗೆ ಎಷ್ಟು ಗುಂಡು ಬೇಕೋ ಅಷ್ಟೇ ಸೀಸ ಆ ಡಬ್ಬಿಯಲ್ಲಿ. ಮದ್ದು ಖಾಲಿಯಾದೊಡನೆ ಡಬ್ಬಿಯನ್ನೇ ಕರಗಿಸಿ ಅಚ್ಚಿಗೆ ಹೊಯ್ಯುವುದು. ಪಾತ್ರೆಯೂ ಉಳಿಯಲಿಲ್ಲ, ಹೊರೆಯೂ ಉಳಿಯಲಿಲ್ಲ. ನಮ್ಮ ಹಿರಿಯ ಗೃಹಿಣಿಯರು ಇದಕ್ಕೆ ಮೆಚ್ಚಿ ತಲೆದೂಗುತ್ತಿದ್ದರೆಂದು ನಮ್ಮ ನಂಬಿಕೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಎಂಬಾತ ಬುಡ ಟೊಳ್ಳಾದ, ಮೂತಿ ಚೂಪಾದ ಗುಂಡನ್ನು ರೂಪಿಸಿದ. ಹಾರಿಸಿದಾಗ ಅದರ ಬುಡ ಅರಳಿ ನಳಿಗೆಯ ಸುರುಳಿಗಳಿಗೆ ಕಚ್ಚಿಕೊಳ್ಳುತ್ತಿತ್ತು. ಇದೇ ಸಂತತಿಯ ಗುಂಡನ್ನು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿದ್ದ ಎನ್‌ಫೀಲ್ಡ್ ತೋಟಾ 1857ರಲ್ಲಿ ನಮ್ಮ ದೇಶದಲ್ಲಿ ಎಬ್ಬಿಸಿದ ಬಿರುಗಾಳಿ ಎಲ್ಲರೂ ಶಾಲೆಯಲ್ಲೇ ಓದಿದ್ದು. ಆಮೇಲೆ ಸೈನ್ಯಗಳ ಗುಂಡುಗಳನ್ನು ಯಂತ್ರಗಳೇ ಒತ್ತಿ ತೆಗೆಯತೊಡಗಿದವು. ಲೋಹದ ತೋಟೆಗಳು ಬಂದವು. ಅಚ್ಚು ಯುದ್ಧದಿಂದ ನಿವೃತ್ತಿ ಹೊಂದಿತೇ ಹೊರತು ಸಾಯಲಿಲ್ಲ. ಹಾರಿಸಿದ ತೋಟೆಯನ್ನು ಮತ್ತೆ ತುಂಬಿ ಕಾಸು ಉಳಿಸುವ ಬೇಟೆಗಾರರಿಗಾಗಿ 1884ರಲ್ಲಿ ಜಾನ್ ಬಾರ್ಲೋ ಎಂಬಾತ ಐಡಿಯಲ್ ಎಂಬ ಕಂಪೆನಿ ಹೂಡಿ, ನ್ಯೂ ಹೇವನ್ ಊರಿನಲ್ಲಿ ಅಚ್ಚುಗಳನ್ನು ಮಾಡಿ ಮಾರಿದ. 1925ರಲ್ಲಿ ಅದನ್ನು ಮಿಡ್ಲ್‌ಫೀಲ್ಡಿನ ಲೈಮನ್ ಕಂಪೆನಿ ಕೊಂಡಿತು. ಎರಡು ಊರುಗಳೂ ಕನೆಕ್ಟಿಕಟ್ಟಿನವೇ. ವೋಲ್ಕಾಟರ ಮಕ್ಕಳು ಅಚ್ಚು ಹಿಡಿದ ನಾಡಿನಲ್ಲೇ ಅಚ್ಚಿನ ಉದ್ಯಮವೂ ಬೆಳೆಯಿತೆನ್ನಬೇಕು.

ಹೀಗೆ ಎರಡು ಶತಮಾನಗಳಲ್ಲಿ ಹುಟ್ಟಿದ ಅಚ್ಚುಗಳು ಅಮೆರಿಕದ ಕೊಟ್ಟಿಗೆಗಳಲ್ಲಿ, ಅಟ್ಟಗಳಲ್ಲಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಿದ್ದಿವೆ. ಬಹುಪಾಲು ಕೆಂಪಗೆ ತುಕ್ಕು ಹಿಡಿದಿವೆ. ಕೊಂಡವನ ಮೊದಲ ಕೆಲಸ ಅದನ್ನು ತಿಕ್ಕಿ ಫಳಫಳ ಹೊಳೆಸುವುದು. ಅಪಾಯ ಇರುವುದು ಅಲ್ಲೇ.

ತುಕ್ಕೆಂದರೆ ಕಬ್ಬಿಣವು ನೀರು ಮತ್ತು ಆಮ್ಲಜನಕದೊಂದಿಗೆ ಸೇರಿ ಆದ ಜಲಯುಕ್ತ ಆಕ್ಸೈಡು. ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಅದು ಉಬ್ಬಿ, ಸಡಿಲವಾಗಿ, ಪುಡಿಪುಡಿಯಾಗುತ್ತದೆ. ತೇವವನ್ನು ಹೀರಿಟ್ಟುಕೊಂಡು ಕೆಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಉಪ್ಪಿನ ಅಂಶವಿದ್ದರೆ ಇನ್ನೂ ಬೇಗ. ಮುಂಬಯಿಯಲ್ಲಿ, ಚೆನ್ನೈಯಲ್ಲಿ ಕಡಲಿನ ಹತ್ತಿರ ಸಂಸಾರ ಹೂಡಿದವರಿಗೆ ಕಿಟಕಿಯ ಸರಳುಗಳೇ ಇದನ್ನು ವರ್ಷವರ್ಷವೂ ಕಲಿಸುತ್ತವೆ. ಆದರೆ ಕಬ್ಬಿಣಕ್ಕೆ ಇನ್ನೊಂದು ಆಕ್ಸೈಡು ಉಂಟು. ಅದು ಕಪ್ಪು, ತೆಳ್ಳಗೆ, ಬಿಗಿಯಾಗಿ ಮೈಗೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಸಾವಿರ ಸಲ ಕಾದು ಆರಿದ ಅಚ್ಚಿನ ಮೈ ಕಪ್ಪಾಗಿರುವುದು ಇದರಿಂದ ಮತ್ತು ಹೊಗೆಯ ಮಸಿಯಿಂದ. ಎಷ್ಟೋ ಮಂದಿ ಎರಕದವರು ಗುಳಿಗೆ ಮೇಣದ ಬತ್ತಿಯ ಮಸಿಯನ್ನು ಬೇಕೆಂದೇ ಹಿಡಿಸುತ್ತಿದ್ದರು, ಸೀಸ ಅಂಟದೆ ಕಳಚಿಕೊಳ್ಳಲೆಂದು. ಬೆಳ್ಳಗೆ ಹೊಳೆಯುವ ಕಬ್ಬಿಣಕ್ಕೆ ತವರ ಬೆರೆತ ಸೀಸ ಬೆಸುಗೆಯಂತೆ ಹಿಡಿದುಕೊಳ್ಳಬಹುದು.

ಇದು ನಮ್ಮ ಮನೆಗಳಿಗೆ ಹೊಸ ಪಾಠವಲ್ಲ. ದೋಸೆಯ ಕಾವಲಿಯನ್ನು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿದ ಹೊಸ ಸೊಸೆ ಮರುದಿನ ದೋಸೆ ಏಳದೆ ಅತ್ತೆಯಿಂದ ಅನ್ನಿಸಿಕೊಳ್ಳುವುದು ಪ್ರತಿ ತಲೆಮಾರಿನ ಕಥೆ. ಕಾವಲಿಯ ಕಪ್ಪು ಕೊಳೆಯಲ್ಲ, ಅದರ ಸಂಪಾದನೆ. ದೆಹಲಿಯವರು ಮೆಹ್ರೌಲಿಯ ಕಬ್ಬಿಣದ ಕಂಬವನ್ನೇ ನೋಡಬಹುದು. ಸುಮಾರು 1600 ವರ್ಷ ಬಿಸಿಲು ಮಳೆ ಕಂಡೂ ಅದು ನಿಂತಿರುವುದು ಹೊಳಪಿನಿಂದಲ್ಲ. ಕಬ್ಬಿಣದಲ್ಲಿದ್ದ ರಂಜಕದ ನೆರವಿನಿಂದ ಮೈಮೇಲೆ ಕೂತ ತೆಳು ಪದರವೇ ಅದನ್ನು ಕಾದಿದೆಯೆಂದು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ.

ಹಾಗಾದರೆ ಕೆಂಪು ಹೋಗಬೇಕು, ಕಪ್ಪು ಉಳಿಯಬೇಕು. ಅದಕ್ಕಿಂತ ಮುಖ್ಯವಾಗಿ ಗುಳಿಯ ಅಳತೆ ಉಳಿಯಬೇಕು. ಒಂದು ಲೆಕ್ಕ ನೋಡಿ. 0.49 ಅಂಗುಲದ ಗುಂಡಿನ ಅಚ್ಚಿದೆ ಎನ್ನೋಣ. ಉಪ್ಪುಕಾಗದ ಹಾಕಿ ಸುತ್ತಲೂ ಅಂಗುಲದ 1000ದಲ್ಲಿ 5 ಭಾಗದಷ್ಟು ಮಾತ್ರ ಸವೆಸಿದರೂ ಅಡ್ಡಳತೆ 0.50 ಅಂಗುಲಕ್ಕೆ ಏರುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸದಿಂದ ಗುಂಡಿನ ತೂಕ ನೂರಕ್ಕೆ 6ರಷ್ಟು ಹೆಚ್ಚುತ್ತದೆ. ಇಂದು ಆ ಅಚ್ಚಿನಲ್ಲಿ ಯಾರೂ ಗುಂಡು ಎರೆಯದಿರಬಹುದು. ಆದರೂ ನಷ್ಟವಾದದ್ದು ಸಣ್ಣದಲ್ಲ. ಹಿಂದೆ ಹೇಳಿದೆವಷ್ಟೆ, ಇಲ್ಲವಾದ ಕೋವಿಯ ಅಳತೆಗೆ ಉಳಿದಿರುವ ಸಾಕ್ಷಿ ಆ ಗುಳಿಯೊಂದೇ.

ಇದು ಬರಿಯ ಹವ್ಯಾಸಿಗಳ ತಕರಾರೆಂದು ತಿಳಿಯಬಾರದು. ನ್ಯೂಜೆರ್ಸಿಯ ಮನ್‌ಮತ್ ಎಂಬಲ್ಲಿ 1778ರ ಜೂನ್ 28ರಂದು ನಡೆದ ಕದನದ ಭೂಮಿಯನ್ನು ಪುರಾತತ್ತ್ವದವರು ಶೋಧಿಸಿದರು. ಸಿಕ್ಕ ಸೀಸದ ಗುಂಡುಗಳಲ್ಲಿ ಬಡಿದು ಚಪ್ಪಟೆಯಾದವು ಎಷ್ಟೋ. ಅವುಗಳ ತೂಕದಿಂದ ಮೂಲ ಅಡ್ಡಳತೆಯನ್ನು ಲೆಕ್ಕಹಾಕುವ ಕ್ರಮವನ್ನು ಡೇನಿಯಲ್ ಸಿವಿಲಿಚ್ ರೂಪಿಸಿ 1996ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಬಂದೂಕಿನ ನಳಿಗೆ 0.75 ಅಂಗುಲ, ಫ್ರೆಂಚರದು 0.69. ಗುಂಡಿನ ಅಳತೆ ತಿಳಿದರೆ ಯಾವ ಸೇನೆ ಎಲ್ಲಿ ನಿಂತು ಹೊಡೆಯಿತೆಂದು ಊಹಿಸಲು ದಾರಿಯಾಗುತ್ತದೆ. ಅಂಗುಲದ ನೂರರಲ್ಲಿ ಕೆಲವೇ ಭಾಗಗಳು ಇಡೀ ಕದನದ ನಕ್ಷೆಯನ್ನು ಬದಲಿಸಬಲ್ಲವು.

ಈ 0.75 ಅಂಗುಲಕ್ಕೂ ಕನ್ನಡ ನಾಡಿಗೂ ನೇರ ಸಂಬಂಧವಿದೆ. ಈಸ್ಟ್ ಇಂಡಿಯಾ ಕಂಪೆನಿ ತನ್ನ ಸಿಪಾಯಿಗಳಿಗಾಗಿ ಸ್ವಲ್ಪ ಗಿಡ್ಡ ನಳಿಗೆಯ, ಅಗ್ಗದ ಬಂದೂಕನ್ನು ಮಾಡಿಸಿತ್ತು. 1790ರ ದಶಕದಲ್ಲಿ ಫ್ರಾನ್ಸಿನೊಡನೆ ಯುದ್ಧ ಒದಗಿದಾಗ ಬ್ರಿಟಿಷ್ ಸರ್ಕಾರವೇ ಕಂಪೆನಿಯ ದಾಸ್ತಾನನ್ನು ಕೊಂಡು, ಅದೇ ಮಾದರಿಯನ್ನು ತನ್ನ ಸೇನೆಗೂ ಒಪ್ಪಿಕೊಂಡಿತು. ಅದರ ಹೆಸರೇ ಇಂಡಿಯಾ ಮಾದರಿ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದದ್ದು ಈ ಬಂದೂಕುಗಳ ಕಾಲದಲ್ಲಿ.

ಇನ್ನು ತುಕ್ಕು ತೆಗೆಯುವ ಕ್ರಮ. ಮೊದಲು ಅಚ್ಚು ಯಾವ ಲೋಹದ್ದೆಂದು ನೋಡಬೇಕು. ಹಿತ್ತಾಳೆಯದಾದರೆ ಇಲ್ಲಿ ಹೇಳುವುದು ಅದಕ್ಕೆ ಸಲ್ಲದು. ಕೀಲು ಬಿಗಿದಿದ್ದರೆ ಬಲ ಹಾಕಬಾರದು. ಸೀಮೆಎಣ್ಣೆಯಲ್ಲೋ ತೆಳು ಯಂತ್ರದ ಎಣ್ಣೆಯಲ್ಲೋ ದಿನಗಟ್ಟಲೆ ನೆನೆಯಲು ಬಿಡಬೇಕು. ವಾರವಾದರೂ ಆಗಲಿ. ಆಮೇಲೆ ಕಬ್ಬಿಣಕ್ಕಿಂತ ಮೆದುವಾದ ವಸ್ತುವಿನಿಂದ, ಎಂದರೆ ಹಿತ್ತಾಳೆಯ ಬ್ರಷ್ಷು, ಬಿದಿರಿನ ಕಡ್ಡಿ, ಒರಟು ಬಟ್ಟೆ, ಇಂಥವುಗಳಿಂದ ಎಣ್ಣೆಯೊಡನೆ ಉಜ್ಜಬೇಕು. ಅರ, ಉಪ್ಪುಕಾಗದ, ಮೋಟಾರಿಗೆ ಸಿಕ್ಕಿಸಿದ ತಂತಿಯ ಚಕ್ರ ಹತ್ತಿರ ಸುಳಿಯಬಾರದು. ಹಳೆಯ ಸೀಸದ ಪುಡಿ ವಿಷವೆಂಬುದನ್ನು ಮರೆಯದೆ ಒಣಗಿದಂತೆ ಕೆರೆಯದೆ, ಎಣ್ಣೆಯಲ್ಲೇ ಒದ್ದೆಯಾಗಿಟ್ಟು ಉಜ್ಜುವುದು ಕ್ಷೇಮ. ಅಡಿಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬಾರದು, ಮಕ್ಕಳನ್ನು ದೂರವಿಡಬೇಕು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಲಿಚ್‌ಫೀಲ್ಡಿನ ಕಾಲಕ್ಕೆ ಈ ಎಚ್ಚರ ಯಾರಿಗೂ ಇರಲಿಲ್ಲ.

ಇಷ್ಟರಿಂದ ಹೋಗದ ತುಕ್ಕಿಗೆ ವಿದ್ಯುತ್ತಿನ ಉಪಾಯವಿದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯುದ್ವಿಭಜನೆ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ ಕರಗಿಸಿ, ಅಚ್ಚನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಒಂದು ಗುಜರಿ ಕಬ್ಬಿಣದ ತುಂಡನ್ನು ಧನ ತಂತಿಗೂ ಕಟ್ಟಿ, ಒಂದಕ್ಕೊಂದು ತಾಗದಂತೆ ಇಳಿಬಿಡುವುದು. ಅಚ್ಚಿನ ಮೈಯಲ್ಲಿ ಗುಳ್ಳೆಗಳೆದ್ದು ತುಕ್ಕು ಸಡಿಲವಾಗುತ್ತದೆ. ಗಟ್ಟಿ ಕಬ್ಬಿಣ ಮಾತ್ರ ಸವೆಯುವುದಿಲ್ಲ. ಈ ಕ್ರಮದ ದೊಡ್ಡ ಗುಣ ಇದೇ. ಆದರೆ ಆ ಗುಳ್ಳೆಗಳು ಹೈಡ್ರೋಜನ್. ಬಯಲಿನಲ್ಲಿ, ಬೆಂಕಿ ಕಿಡಿಗಳಿಂದ ದೂರದಲ್ಲಿ ಮಾಡಬೇಕು, ತಂತಿ ಮುಟ್ಟುವ ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಧನ ಕಡೆಗೆ ಸ್ಟೇನ್‌ಲೆಸ್ ಸ್ಟೀಲಿನ ಚಮಚ ಕಟ್ಟುವ ಚಪಲ ಬೇಡ; ಅದರ ಕ್ರೋಮಿಯಂ ನೀರಿನಲ್ಲಿ ವಿಷವಾಗುತ್ತದೆ. ಮರದ ಹಿಡಿ ಇದ್ದರೆ ಮೊದಲೇ ಕಳಚಿಡಬೇಕು.

ಹುಣಸೆ, ನಿಂಬೆ, ವಿನೆಗರ್ ಇವೂ ತುಕ್ಕನ್ನು ಕರಗಿಸುತ್ತವೆ ನಿಜ. ಆದರೆ ತುಕ್ಕು ಮುಗಿದ ಮೇಲೆ ಅವು ಸುಮ್ಮನಿರುವುದಿಲ್ಲ, ಕಬ್ಬಿಣಕ್ಕೂ ಕೈ ಹಾಕುತ್ತವೆ. ಕಾವಲಿ, ಈಳಿಗೆಮಣೆಗಳಿಗೆ ಚಿಂತೆಯಿಲ್ಲ. ಅಳತೆಯೇ ಪ್ರಾಣವಾದ ಗುಳಿಗೆ ಸಲ್ಲದು. ಕಕ್ಕಸು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವಂತೂ ಶತ್ರುವೇ ಸರಿ. ಅದರ ಕ್ಲೋರೈಡು ರಂಧ್ರಗಳಲ್ಲಿ ಅಡಗಿದ್ದು ಮುಂದಿನ ಮಳೆಗಾಲಕ್ಕೆ ಹೊಸ ತುಕ್ಕು ಹುಟ್ಟಿಸುತ್ತದೆ.

ಕೊನೆಯದಾಗಿ, ಹಳೆಯ ಕೋವಿ ಕಮ್ಮಾರರ ವಿದ್ಯೆಯೊಂದು. ಅವರು ನಳಿಗೆಗೆ ತಾವಾಗಿಯೇ ತೆಳು ತುಕ್ಕು ಹಿಡಿಸಿ, ಶುದ್ಧ ನೀರಿನಲ್ಲಿ ಕುದಿಸುತ್ತಿದ್ದರು. ಕೆಂಪು ಆಕ್ಸೈಡು ಕುದಿಯುತ್ತ ಕಪ್ಪಾಗುತ್ತದೆ. ಸಡಿಲ ಪುಡಿಯನ್ನು ಒರೆಸಿ, ಮತ್ತೆ ತುಕ್ಕು, ಮತ್ತೆ ಕುದಿ. ಹೀಗೆ ಹಲವು ಸಲ. ತುಕ್ಕನ್ನೇ ಕಾವಲುಗಾರನನ್ನಾಗಿ ಮಾಡಿಕೊಂಡ ಈ ಉಪಾಯ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ತುಕ್ಕು ತೆಳ್ಳಗಿದ್ದ ಅಚ್ಚನ್ನು ಹೀಗೆ ಭಟ್ಟಿಯಿಳಿಸಿದ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಒಣಗಿಸಿ, ಎಣ್ಣೆಯನ್ನೋ ಮೇಣವನ್ನೋ ತೆಳ್ಳಗೆ ಸವರಿದರೆ ಸಾಕು. ಗುಳಿಯೊಳಗೆ ಆಗಲೇ ಬಿದ್ದಿರುವ ಕಜ್ಜಿಗಳನ್ನು ಹಾಗೆಯೇ ಬಿಡಬೇಕು.

ನಮ್ಮ ನಾಡಿನಲ್ಲಿ ಕೋವಿಯ ಆರೈಕೆ ಹಬ್ಬವೇ ಆಗಿರುವುದು ಕೊಡಗಿನಲ್ಲಿ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದಿನಂದು ಆಯುಧಗಳನ್ನು ಶುಚಿಮಾಡಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. 1861ರಲ್ಲಿ ಮಾರ್ಕ್ ಕಬ್ಬನ್ನರ ಆಡಳಿತ ಕೊಡವರಿಗೆ ಶಸ್ತ್ರ ಕಾನೂನಿನಿಂದ ಕೊಟ್ಟ ವಿನಾಯಿತಿಯ ಪರಂಪರೆ ಮುಂದುವರಿದು ಬಂದಿದೆ. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಉಳಿದ ಮಲೆನಾಡಿನಲ್ಲೂ ಕೇಪಿನ ಕೋವಿ, ಮದ್ದು, ಚರೆ ಎಂಬ ಮಾತುಗಳು ಹಿರಿಯರ ಬಾಯಲ್ಲಿ ಇವೆ.

ನಮ್ಮ ಸಂಘದ ಎಷ್ಟೋ ಕುಟುಂಬಗಳ ಊರಿನ ಮನೆಗಳು ಈಗ ಬೀಗ ಹಾಕಿಕೊಂಡು ಕುಳಿತಿವೆ, ಇಲ್ಲವೆ ಪಾಲಾಗಿ ಮಾರಾಟಕ್ಕೆ ನಿಂತಿವೆ. ಅಟ್ಟ ಖಾಲಿ ಮಾಡುವ ದಿನ ಕಬ್ಬಿಣವೆಲ್ಲ ಒಂದೇ ರಾಶಿಯಾಗಿ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಆ ರಾಶಿಯಲ್ಲಿ ಅಡಕೊತ್ತಿನಂಥದ್ದು, ಆದರೆ ಅಡಕೊತ್ತಲ್ಲದ್ದು ಏನಾದರೂ ಕಂಡರೆ ತೆರೆದು ನೋಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯಾಖ್ಯೆಯಲ್ಲಿ ಶಸ್ತ್ರ ತಯಾರಿಸುವ ಯಂತ್ರೋಪಕರಣವೂ ಸೇರಿರುವುದರಿಂದ, ಪ್ರಾಚೀನ ವಸ್ತುವೆಂದು ಇಟ್ಟುಕೊಳ್ಳುವ ಮೊದಲು ಠಾಣೆಯಲ್ಲೋ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೋ ಕೇಳುವುದು ವಿವೇಕ. ಕೇಳುವವರೆಗೆ ತಿಕ್ಕಬೇಡಿ. ಒಣಬಟ್ಟೆಯಿಂದ ಒರೆಸಿ, ತೊಟ್ಟು ಎಣ್ಣೆ ಸವರಿ, ಯಾರ ಮನೆಯದು, ಯಾವ ಊರು, ಎಲ್ಲಿ ಸಿಕ್ಕಿತು ಎಂಬ ಮೂರು ಸಾಲಿನ ಚೀಟಿಯೊಂದನ್ನು ಬರೆದು ದಾರದಿಂದ ಹಿಡಿಗೆ ಕಟ್ಟಿಡಿ.